ಟಿಪ್ಪಣಿ ಬರೆದಿಡು, ಮಗಳೇ

ಅಬ್ಬೆತುಮಕೂರು
ಯಾದಗಿರಿ ತಾಲೂಕು

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇತ್ತ ನಮ್ಮೂರ ಮಠದ ವಿಶ್ವಾರಾಧ್ಯರ ಕೃಪೆಯಿಂದ ಮನೆಮಂದಿಯೆಲ್ಲ ಕ್ಷೇಮ. ಅತ್ತ ನಿನ್ನ ಕ್ಷೇಮ ಹೇಗಿದೆ ಎಂದು ಕೇಳುವ ಮುಂಚೆಯೇ ನೀನು ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದು ಕಳಿಸಿಬಿಟ್ಟಿದ್ದೀಯ. ಓದಿದೆ. ಅಂಥ ಮಾತಿಗೆ ಹೆಬ್ಬೆರಳಿನಲ್ಲಿ ಒತ್ತಿ ಉತ್ತರ ಕೊಡುವುದು ನನ್ನ ಕೈಲಾಗದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಪುರಸೊತ್ತು ಮಾಡಿಕೊಂಡು ಓದು.

ನೀನು ಬರೆದದ್ದರ ಸಾರ ಇಷ್ಟು. ಬೆಂಗಳೂರಿನ ನಿನ್ನ ಕಚೇರಿಯಲ್ಲಿ ನಕಾಶೆಯ ಸಾಫ್ಟ್‌ವೇರ್ ಬರೆಯುವವಳು ನೀನೊಬ್ಬಳೇ. ಉಳಿದವರಿಗೆ ಅವರವರ ಕೆಲಸ ಗೊತ್ತು, ನಿನ್ನ ಕೆಲಸ ಗೊತ್ತಿಲ್ಲ. ಸಾಹೇಬರು ಅದನ್ನು ‘ಆ ಚಿತ್ರ’ ಅನ್ನುತ್ತಾರೆ, ಸಂಜೆಯೊಳಗೆ ಆ ಚಿತ್ರ ಬೇಕು ಅನ್ನುತ್ತಾರೆ. ಸರಿ ಬಂದರೆ ಯಾರೂ ಮಾತಾಡುವುದಿಲ್ಲ, ತಪ್ಪಿದರೆ ಎಲ್ಲರೂ ಮಾತಾಡುತ್ತಾರೆ. ಬರೆದದ್ದನ್ನು ಇನ್ನೊಂದು ಜೊತೆ ಕಣ್ಣು ನೋಡುವುದಿಲ್ಲ. ತರಬೇತಿ ಕೇಳಿದರೆ ಯೂಟ್ಯೂಬ್ ನೋಡಿಕೋ ಎಂಬ ಉತ್ತರ. ಕಡೆಗೆ ಒಂದು ಸಾಲು ಬರೆದಿದ್ದೀ: “ಕಾಕಾ, ಬಿಟ್ಟು ಬರ್ಲೇನು?”

ನಾನು ಸರಪಳಿ ಎಳೆದು ಹೊಲ ಅಳೆದು ನಿವೃತ್ತನಾದ ಭೂಮಾಪಕ. ನೀನು ಬರೆಯುವ ಕೋಡು ನನಗೆ ಅಕ್ಷರವೂ ತಿಳಿಯದು. ಆದರೆ ನಕಾಶೆಯ ಕೆಲಸದ ಸಂಕಟ ತಿಳಿಯುತ್ತದೆ. ಇರುವುದೋ ಬಿಡುವುದೋ ಎಂಬುದನ್ನು ನಾನು ತೀರ್ಮಾನಿಸುವುದಿಲ್ಲ, ಅದು ನಿನ್ನ ಅನ್ನದ ಪ್ರಶ್ನೆ. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲವು ಕೆಲಸಗಳಿವೆ, ಅವನ್ನು ಹೇಳುತ್ತೇನೆ.

ಮೊದಲಿಗೆ ಸಾಹೇಬರ ವಿಷಯ ಮುಗಿಸೋಣ. ನಕಾಶೆ ಮಾಡುವವರ ಕೆಲಸ ಮೇಲಿನವರಿಗೆ ಅರ್ಥವಾಗದೇ ಇರುವುದು ನಿನ್ನ ಕಾಲದ ರೋಗವಲ್ಲ. ಟಿಪ್ಪು ಸುಲ್ತಾನ್ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ದಕ್ಷಿಣ ದೇಶವನ್ನು ತ್ರಿಕೋನಗಳಲ್ಲಿ ಅಳೆಯುತ್ತೇನೆ ಎಂದು ಹೊರಟ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಉಕ್ಕಿನ ಸರಪಳಿ ಹಾಸಿ ಆಧಾರರೇಖೆ ಅಳೆದ. ಆಗ ಮದರಾಸಿನ ಹಣಕಾಸು ನೋಡುವವರು ತೆಗೆದ ತಕರಾರು ಏನು ಗೊತ್ತೇ? ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಒಂದು ಮಾತು ಹೇಳಿದರೆ ಸಾಕು, ಅವನೇ ದಾರಿ ಹುಡುಕಿಕೊಂಡು ಒಯ್ಯುತ್ತಾನೆ, ಅದಕ್ಕೆ ಇಷ್ಟೆಲ್ಲ ಅಳತೆ, ಇಷ್ಟೆಲ್ಲ ಖರ್ಚು ಯಾಕೆ ಅಂತ. ನಿನ್ನ ಸಾಹೇಬರು ‘ಗೂಗಲ್‌ನಲ್ಲಿ ಇದೆಯಲ್ಲ’ ಅಂದರು ಎಂದು ಬರೆದಿದ್ದೀಯಲ್ಲ, ಅದು ಇದೇ ಮಾತು. ಇನ್ನೂರು ವರ್ಷದಲ್ಲಿ ಪಲ್ಲಕ್ಕಿ ಹೋಗಿ ಫೋನು ಬಂದಿದೆ, ಅಷ್ಟೇ. ಈ ಮಾತನ್ನು ನಿನ್ನ ಯೋಗ್ಯತೆಗೆ ಕೊಟ್ಟ ತೀರ್ಪು ಎಂದು ಎದೆಗೆ ಹಚ್ಚಿಕೊಳ್ಳಬೇಡ.

ಲ್ಯಾಂಬ್ಟನ್‌ನ ಕತೆಯಲ್ಲಿ ನಿನಗೆ ಬೇಕಾದ್ದು ಇನ್ನೂ ಇದೆ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಕೋನ ಅಳೆಯುವ ಅವನ ಥಿಯೋಡೊಲೈಟನ್ನು ಹಗ್ಗ ಕಟ್ಟಿ ಏರಿಸುವಾಗ ಹಗ್ಗ ಕಳಚಿ, ಅರ್ಧ ಟನ್ ತೂಕದ ಆ ಯಂತ್ರ ಗೋಡೆಗೆ ಬಡಿದು ಅದರ ವೃತ್ತ ಸೊಟ್ಟಾಯಿತು. ರಿಪೇರಿ ಮಾಡುವವರು ಇಂಗ್ಲೆಂಡಿನಲ್ಲಿ, ಇವನು ಇಲ್ಲಿ. ತಿರುಚಿರಾಪಳ್ಳಿಗೆ ಒಯ್ದು ಆರು ವಾರ ಕೂತು ತಾನೇ ನೆಟ್ಟಗೆ ಮಾಡಿದ. ರಾತ್ರಿ ಸರ್ವರ್ ಕೆಟ್ಟು ನಿಂತಾಗ ನೀನು ಪಟ್ಟ ಪಾಡು ಅವನಿಗೆ ಗೊತ್ತಿತ್ತು ಅಂತ ಹೇಳಬಹುದು.

ಆದರೆ ಈ ಮನುಷ್ಯ 1823ರಲ್ಲಿ ವಾರ್ಧಾ ಹತ್ತಿರದ ಹಿಂಗಣಘಾಟಿನಲ್ಲಿ, ಕೆಲಸದ ಹಾದಿಯಲ್ಲೇ ತೀರಿಕೊಂಡ. ಕೆಲಸ ಅವನ ಜೊತೆ ಮಣ್ಣಾಗಲಿಲ್ಲ. ಜಾರ್ಜ್ ಎವರೆಸ್ಟ್ 1818ರಲ್ಲೇ ಹೈದರಾಬಾದಿಗೆ ಬಂದು ಅವನ ಕೈಕೆಳಗೆ ಸೇರಿದ್ದ, ಕೋನಗಳ ದಾಖಲೆಯೆಲ್ಲ ಬರಹದಲ್ಲಿತ್ತು. ಹಾಗಾಗಿ ಕನ್ಯಾಕುಮಾರಿ ಕಡೆಯಿಂದ ಹೊರಟ ಅಳತೆಯ ರೇಖೆ ಬೆಂಗಳೂರಿನ ದೊಡ್ಡಗುಂಟ, ಬೀದರ್ ಹತ್ತಿರದ ದಾಮರಗಿದ್ದ ದಾಟಿ ಹಿಮಾಲಯದ ಬುಡದವರೆಗೆ 1841ರಲ್ಲಿ ಮುಟ್ಟಿತು. ನಮ್ಮ ಯಾದಗಿರಿಗೆ ಸ್ವಲ್ಪ ಮೂಡಣಕ್ಕೆ ಹಾದುಹೋದ ರೇಖೆ ಅದು. ಸರಪಳಿ ಎಳೆದ, ಬೆಟ್ಟಕ್ಕೆ ಬಾವುಟ ಹೊತ್ತ, ಜ್ವರ ಬಂದು ಸತ್ತ ಖಲಾಸಿಗಳ ಹೆಸರು ಯಾವ ಕಡತದಲ್ಲೂ ಸರಿಯಾಗಿ ಉಳಿಯಲಿಲ್ಲ. ಉಳಿದದ್ದು ಅಂಕಿ. ನಕಾಶೆಯ ಕೆಲಸದಲ್ಲಿ ಬರೆದಿಟ್ಟದ್ದೇ ಉಳಿಯುವುದು, ತಲೆಯಲ್ಲಿ ಇದ್ದದ್ದು ಹೋಗುತ್ತದೆ. ಈ ಕಾಗದದಲ್ಲಿ ನಾನು ಹೇಳಬೇಕಾದ್ದು ಇಷ್ಟೇ: ಒಬ್ಬಳೇ ಕೆಲಸ ಮಾಡುವ ಪರಿಸ್ಥಿತಿ ಬಂದರೆ ಮಾಡು. ಆದರೆ ಆ ಕೆಲಸ ನಿನ್ನೊಬ್ಬಳ ತಲೆಯಲ್ಲಿ ಸೇರಿಕೊಳ್ಳಲು ಬಿಡಬೇಡ.

ನಮ್ಮ ಇಲಾಖೆಯಲ್ಲಿ ಟಿಪ್ಪಣಿ ಎಂಬ ಕಾಗದವಿದೆ. ಒಂದು ಸರ್ವೆ ನಂಬರಿಗೆ ಒಂದು. ನಡುವೆ ಉದ್ದಕ್ಕೆ ಒಂದು ಗೆರೆ, ಅದು ಸರಪಳಿ ಹಾಸಿದ ಗೆರೆ. ಅದರ ಎರಡು ಬದಿಗೆ ಲಂಬವಾಗಿ ಸಣ್ಣ ಗೆರೆಗಳು, ಪ್ರತಿಯೊಂದು ಬದುವಿನ ಮೂಲೆಗೆ ಹೋಗಿ ಮುಟ್ಟುತ್ತದೆ. ಪ್ರತಿ ಗೆರೆಯ ಮೇಲೂ ಅಂಕಿ: ಇಷ್ಟು ಸರಪಳಿ, ಇಷ್ಟು ಆಣೆ. ಆ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ. ಬಾಂದು ಕಲ್ಲು ಎಲ್ಲಿದೆ, ಹಳ್ಳ ಎಲ್ಲಿ ಸೀಳಿಕೊಂಡು ಹೋಗಿದೆ, ಬಿತ್ತನೆಗೆ ಬಾರದ ಖರಾಬು ಎಷ್ಟು, ಎಲ್ಲ ಅದರಲ್ಲೇ ಇರುತ್ತದೆ. ಚಂದದ ಚಿತ್ರವೇನಲ್ಲ. ಪ್ರಮಾಣಕ್ಕೂ ಬರೆದಿರುವುದಿಲ್ಲ. ಆದರೆ ಅಳೆದವನು ಸತ್ತು ಎರಡು ತಲೆಮಾರು ಕಳೆದ ಮೇಲೆ, ಅವನ ಮುಖ ನೋಡದ, ಊರು ತಿಳಿಯದ ಒಬ್ಬ ಭೂಮಾಪಕ ಆ ಹಾಳೆ ಹಿಡಿದು ಹೊಲದಲ್ಲಿ ನಿಂತರೆ ಅದೇ ಮೂಲೆಗೆ ಬಂದು ಮುಟ್ಟಬೇಕು. ಅದಕ್ಕಾಗಿಯೇ ಅದನ್ನು ಬರೆಯುವುದು. ನಮ್ಮ ಭಾಗ 1948ರವರೆಗೆ ನಿಜಾಮರ ಕೈಯಲ್ಲಿತ್ತು, ಕಾಗದಪತ್ರ ಉರ್ದುವಿನಲ್ಲಿ. 1956ರಲ್ಲಿ ರಾಜ್ಯವೇ ಬದಲಾಯಿತು. ಆಡಳಿತ ಹೋಯಿತು, ಭಾಷೆ ಹೋಯಿತು, ಅಂಕಿ ಉಳಿದು ಹೊಲದ ಹದ್ದುಬಸ್ತು ಇಂದಿಗೂ ನಡೆಯುತ್ತಿದೆ.

ನಿನ್ನ ಸಾಫ್ಟ್‌ವೇರಿಗೆ ಅಂಥ ಟಿಪ್ಪಣಿ ಇದೆಯೇ? ಹಳ್ಳಿಯ ಗಡಿಯ ದತ್ತಾಂಶ ಯಾವ ಕಚೇರಿಯಿಂದ ಬಂತು, ಯಾವ ವರ್ಷದ್ದು, ಯಾರು ಕಳಿಸಿದರು? ಅದರ ಡೇಟಮ್, ಅಂದರೆ ಅಳತೆಗೆ ಆಧಾರವಾಗಿ ಹಿಡಿದ ಭೂಗೋಳದ ಲೆಕ್ಕ, ಯಾವುದು? ಹಳೆಯ ಸರ್ವೇ ಆಫ್ ಇಂಡಿಯಾ ಹಾಳೆಗಳು ಎವರೆಸ್ಟನ ಗೋಳದ ಲೆಕ್ಕದ್ದು, ನಿನ್ನ ಫೋನಿನ ಜಿಪಿಎಸ್ ಡಬ್ಲ್ಯೂಜಿಎಸ್ 84ರದ್ದು. ಪರಿವರ್ತನೆ ಮರೆತು ಒಂದರ ಮೇಲೆ ಒಂದು ಹಾಕಿದರೆ ಊರಿಗೆ ಊರೇ ನೂರಾರು ಅಡಿ ಸರಿದು ಕೂರುತ್ತದೆ ಎಂದು ನೀನೇ ನನಗೆ ತಿಳಿಸಿಕೊಟ್ಟಿದ್ದೆ. ಆ ಪರಿವರ್ತನೆ ಯಾವ ಹಂತದಲ್ಲಿ ಮಾಡಿದ್ದೀ ಎಂಬುದು ಎಲ್ಲಿ ಬರೆದಿದೆ? ಆರು ತಿಂಗಳ ಹಿಂದೆ ಯಾಕೆ ಹಾಗೆ ಮಾಡಿದೆ ಎಂದು ನಿನ್ನನ್ನೇ ಕೇಳಿದರೆ ಹೇಳಬಲ್ಲೆಯಾ? ಇದನ್ನೆಲ್ಲ ಪುರಸೊತ್ತಾದಾಗ ಬರೆಯುತ್ತೇನೆ ಅನ್ನಬೇಡ. ಹೊಲದಲ್ಲಿ ನಿಂತೇ ಟಿಪ್ಪಣಿ ಬರೆಯಬೇಕು, ಮನೆಗೆ ಬಂದು ನೆನಪಿನಿಂದ ಬರೆದದ್ದಕ್ಕೆ ಬೆಲೆಯಿಲ್ಲ ಎಂದು ನಮ್ಮ ಹಿರಿಯರು ಕಿವಿ ಹಿಂಡಿ ಕಲಿಸುತ್ತಿದ್ದರು. ಬದಲಾವಣೆ ಮಾಡಿದ ದಿನವೇ ನಾಲ್ಕು ಸಾಲು ಬರೆ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

ಇನ್ನು ತಪ್ಪು ಹಿಡಿಯುವ ಮಾತು. ನಿನ್ನ ಮುಖ್ಯ ನೋವು ಇಲ್ಲೇ ಇದೆ ಎಂದು ನನಗನ್ನಿಸಿತು. ಇನ್ನೊಬ್ಬರು ನೋಡದ ಕೆಲಸ ಎಂದರೆ ಎದೆಯ ಮೇಲೆ ಕಲ್ಲು ಇಟ್ಟುಕೊಂಡು ಮಲಗಿದ ಹಾಗೆ.

ನೀನು ಒಮ್ಮೆ ಹೇಳಿ ನಗಿಸಿದ್ದೆ. ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಎಂಬುದು ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ಥರ. ಅದಲುಬದಲಾಗಿ ಯಾದಗಿರಿ ನಕಾಶೆಯಿಂದ ಮಾಯವಾಯಿತು. ಹುಡುಕಿದರೆ ಉತ್ತರ ಧ್ರುವದ ಹತ್ತಿರ, ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪದಲ್ಲಿ ಸಿಕ್ಕಿತು. ಲೆಕ್ಕ ಸರಿಯೇ ಇದೆ: ನಮ್ಮದು 16.77 ಉತ್ತರ, 77.14 ಪೂರ್ವ. ತಿರುವಿ ಹಾಕಿದರೆ 77.14 ಉತ್ತರ, 16.77 ಪೂರ್ವ, ಬರೀ ಹಿಮನದಿಗಳ ನಾಡು. ಏಪ್ರಿಲ್ ಬಿಸಿಲಿನಲ್ಲಿ ಬೇಯುವ ನಮ್ಮ ಮಂದಿಗೆ ನೀನು ಅಷ್ಟು ಉಪಕಾರ ಮಾಡಿದ್ದೆ ಎಂದು ನಾನು ಚೇಷ್ಟೆ ಮಾಡಿದ್ದೆ.

ಆದರೆ ಹಿಮದಲ್ಲಿ ಹೋಗಿ ಬಿದ್ದ ತಪ್ಪಿಗೆ ಹೆದರಬೇಕಾಗಿಲ್ಲ, ಅದು ತಾನೇ ಕೂಗಿ ಹೇಳುತ್ತದೆ. ಹೆದರಬೇಕಾದ್ದು ಸುಮ್ಮನಿರುವ ತಪ್ಪಿಗೆ. ನಮ್ಮ ಜಿಲ್ಲೆಯನ್ನೇ ನೋಡು. ಕಲಬುರಗಿಯಿಂದ ಬೇರೆಯಾಗಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. 2011ರ ಜನಗಣತಿ ಆದಾಗ ಇದ್ದದ್ದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲೂಕು. ಆಮೇಲೆ ಗುರುಮಠಕಲ್, ಹುಣಸಗಿ, ವಡಗೇರಾ ಸೇರಿ ಆರಾದವು. ಈಗ ಯಾರೋ ಬಂದು ‘ತಾಲೂಕುವಾರು ಜನಸಂಖ್ಯೆಯ ನಕಾಶೆ ಕೊಡಮ್ಮ’ ಅನ್ನುತ್ತಾರೆ. ಗಡಿ ಹೊಸದು, ಅಂಕಿ ಹಳೆಯದು. ಹೆಸರು ನೋಡಿ ಜೋಡಿಸಿದರೆ ಹಳೆಯ ದೊಡ್ಡ ಸುರಪುರದ ಮಂದಿಯೆಲ್ಲ ಹೊಸ ಸಣ್ಣ ಸುರಪುರದೊಳಗೆ ಬಂದು ತುಂಬಿಕೊಳ್ಳುತ್ತಾರೆ, ಹುಣಸಗಿ ಬರಿದಾಗುತ್ತದೆ. ಬಣ್ಣ ಚಂದ, ಗಡಿ ಚಂದ, ಸಾಹೇಬರು ಭೇಷ್ ಅಂದು ಸಹಿ ಹಾಕುತ್ತಾರೆ. ಆ ನಕಾಶೆ ನೋಡಿ ಯಾರಾದರೂ ಆಸ್ಪತ್ರೆಯನ್ನೋ ಟ್ಯಾಂಕರನ್ನೋ ಹಂಚಿದರೆ? ಜನಗಣತಿಯ ಕಡತದಲ್ಲಿ ಸುರಪುರ ಎಂಬುದು ಶೋರಾಪುರ ಆಗಿರುವುದರಿಂದ ನಿನ್ನ ಯಂತ್ರ ಜೋಡಿಸಲಾಗದೆ ನಿಂತರೆ ಅದು ನಿನ್ನ ಪುಣ್ಯ ಎಂದುಕೋ. ಆ ನಿಲುಗಡೆಯಿಂದಲೇ ನೀನು ತಿರುಗಿ ನೋಡುವುದು.

ಇಂಥದ್ದಕ್ಕೆ ನಾವು ತಾಳೆ ನೋಡುತ್ತಿದ್ದೆವು. ಒಂದು ಸರ್ವೆ ನಂಬರನ್ನು ಎಷ್ಟೇ ಹಿಸ್ಸೆಗಳಾಗಿ ಒಡೆದು ಪೋಡಿ ಮಾಡಿದರೂ ಎಲ್ಲ ಹಿಸ್ಸೆಯ ಕ್ಷೇತ್ರ ಕೂಡಿಸಿದರೆ ಆಕಾರಬಂದ್ ದಾಖಲೆಯ ಒಟ್ಟು ಕ್ಷೇತ್ರ ಬರಬೇಕು. ಬರದಿದ್ದರೆ ಸಹಿ ಇಲ್ಲ. ಅಳೆದು ಮುಗಿದ ಮೇಲೆ ಅಡ್ಡಕ್ಕೆ ಇನ್ನೊಂದು ಗೆರೆ ಹಿಡಿದು ಅಳೆಯುವುದು, ಕಾಗದದ ಲೆಕ್ಕಕ್ಕೂ ನೆಲದ ಅಳತೆಗೂ ಸರಿಹೋಯಿತೋ ನೋಡುವುದು. ಪಕ್ಕದಲ್ಲಿ ತಿಳಿದವರು ಇರಲಿ ಬಿಡಲಿ, ಈ ಅಡ್ಡಗೆರೆ ಇನ್ನೊಬ್ಬ ಭೂಮಾಪಕನ ಕೆಲಸ ಮಾಡುತ್ತಿತ್ತು. ನೀನೂ ಅಂಥವನ್ನು ಕಟ್ಟಿಕೋ. ಎಲ್ಲ ತಾಲೂಕಿನ ಕ್ಷೇತ್ರ ಕೂಡಿಸಿದರೆ ಜಿಲ್ಲೆಯ ಕ್ಷೇತ್ರ ಬರುತ್ತದೆಯೇ? ಜನಸಂಖ್ಯೆಯ ಮೊತ್ತ ಜೋಡಿಸುವ ಮುಂಚೆ ಇದ್ದಷ್ಟೇ ಆಮೇಲೂ ಇದೆಯೇ? ಕಣ್ಣು ಮುಚ್ಚಿಯೂ ಜಾಗ ಹೇಳಬಲ್ಲ ಕೆಲವು ಬಿಂದುಗಳನ್ನು ಆರಿಸಿಕೋ. ನಮ್ಮ ಮಠದ ಮಹಾದ್ವಾರ, ಯಾದಗಿರಿ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿ. ಕೋಡು ಬದಲಿಸಿದಾಗಲೆಲ್ಲ ಇವು ಇದ್ದಲ್ಲೇ ಇವೆಯೋ ಎಂದು ಯಂತ್ರವೇ ಪರೀಕ್ಷಿಸಿ ಹೇಳಲಿ. ಗಡ್ಡಿ ನದಿಯಿಂದ ಆಚೆ ಬಂದು ಕೂತರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಲಿ. ಇದಕ್ಕೆ ಸಾಹೇಬರ ಅಪ್ಪಣೆ ಬೇಡ, ಬಜೆಟ್ಟು ಬೇಡ.

ನೆಲಕ್ಕೆ ಇಳಿದೂ ನೋಡು. ಇಲ್ಲಿ ರೈತರು ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತು ನನಗೆ ಫೋನು ಮಾಡುತ್ತಾರೆ. “ಸರ, ನಮ್ಮ ಬದು ಬಾಜೂದವರ ಹೊಲದಾಗ ತೋರಸ್ತದ, ಹದಿನೈದು ಅಡಿ ಒತ್ತ್ಯಾರ ನೋಡ್ರಿ” ಅಂತ. ಹಳ್ಳಿಯ ನಕಾಶೆ 1:7920ರ ಪ್ರಮಾಣದ್ದು, ಮೈಲಿಗೆ 8 ಅಂಗುಲ. ಅದರ ಮೇಲೆ ಮಸಿಯ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನೆಲದ ಮೇಲೆ ಆ ಗೆರೆಯೇ 13 ಅಡಿ ಅಗಲ. ಬಯಲಿನಲ್ಲಿ ಒಳ್ಳೆಯ ಫೋನು ಐದು ಮೀಟರ್ ಆಚೀಚೆ ತೋರಿಸುತ್ತದೆ, ಅಂದರೆ ಅರ್ಧ ಸರಪಳಿ. ಎರಡೂ ಸೇರಿದರೆ ಹದಿನೈದು ಅಡಿಯ ಒತ್ತುವರಿ ಎಂಬುದು ಬರೀ ಗೆರೆಯ ದಪ್ಪ. ಆದರೆ ಪರದೆಯ ಮೇಲೆ ಎಷ್ಟು ಹಿಗ್ಗಿಸಿದರೂ ಗೆರೆ ಕೂದಲಿನಷ್ಟೇ ಸಣ್ಣ ಇರುತ್ತದೆ, ಅದನ್ನು ನಂಬಿ ಅಣ್ಣತಮ್ಮಂದಿರು ಬಡಿಗೆ ಹಿಡಿಯುತ್ತಾರೆ. ನೀನು ಬರೆಯುವ ಸಾಫ್ಟ್‌ವೇರಿನಲ್ಲಿ ಇದು ಅಂದಾಜು, ಇಷ್ಟು ಆಚೀಚೆ ಆಗಬಹುದು ಎಂಬ ಒಂದು ಸಾಲನ್ನು ಎದ್ದು ಕಾಣುವ ಹಾಗೆ ಹಾಕಿಸು. ಸಾಹೇಬರು ಅದನ್ನು ತೆಗೆ ಅಂದರೆ ವಾದ ಮಾಡು. ನಿನ್ನ ಕಚೇರಿಯಲ್ಲಿ ಆ ಸಾಲಿನ ಬೆಲೆ ತಿಳಿದವಳು ನೀನೊಬ್ಬಳೇ ಆಗಿರುವುದರಿಂದ ವಾದ ಮಾಡುವ ಹೊಣೆಯೂ ನಿನ್ನದೇ.

ಇನ್ನು ಜೊತೆಗಾರರ ಮಾತು. ಒಳಗೆ ಸಿಗದಿದ್ದರೆ ಹೊರಗೆ ಹುಡುಕು. ಸುರಪುರದ ಟೇಲರ್ ಮಂಜಿಲ್ ನೀನು ನೋಡಿದ್ದೀಯ. ಆ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ 1840ರ ದಶಕದಲ್ಲಿ ಬಂದು 1853ರವರೆಗೆ, ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡವನು. ಹೇಳಿಕೊಟ್ಟವರಿಲ್ಲದೆ ಓದಿ ಓದಿ ಕಲಿತವನು. ನ್ಯಾಯ ಅವನೇ ಹೇಳಬೇಕು, ರಸ್ತೆ ಕೆರೆಯ ಕೆಲಸಕ್ಕೂ ಅವನೇ ನಿಲ್ಲಬೇಕು, ಚಿತ್ರ ಬರೆಯುವವನೂ ಅವನೇ. ಅವನ ದೊರೆತನದ ಬಗ್ಗೆ ಬೇರೆ ಮಾತು ಬೇಕಾದಷ್ಟಿದೆ, ಅದು ಈ ಕಾಗದಕ್ಕೆ ಬೇಡ. ನನಗೆ ಹಿಡಿಸುವುದು ಒಂದು ಗುಣ. ರಾಜನಕೋಳೂರಿನಂಥ ಊರುಗಳಲ್ಲಿ ಬಿದ್ದಿದ್ದ ಬೃಹತ್ ಶಿಲಾ ಸಮಾಧಿಗಳನ್ನು ಅವನು ಕಂಡ. ಸುರಪುರದಲ್ಲಿ ಆ ಬಗ್ಗೆ ಸರಿಸಮನಾಗಿ ಮಾತಾಡುವವರು ಅವನಿಗೆ ಯಾರಿದ್ದರು? ಅಳೆದು, ಚಿತ್ರ ಬರೆದು ಮುಂಬಯಿಯ ಏಷ್ಯಾಟಿಕ್ ಸೊಸೈಟಿಗೆ ಕಳಿಸಿದ, ಮುಂದೆ ಐರ್ಲೆಂಡಿನ ರಾಯಲ್ ಅಕಾಡೆಮಿಗೂ ಬರೆದ. ಅಲ್ಲಿ ಓದುವವರಿದ್ದರು, ತಕರಾರು ಮಾಡುವವರಿದ್ದರು. ನಮ್ಮ ಸೀಮೆಯ ಕಲ್ಲುಗಳ ಬಗ್ಗೆ ಇವತ್ತು ಅಧ್ಯಯನ ಮಾಡುವವರು ಅವನ ಬರಹದಿಂದಲೇ ಶುರು ಮಾಡಬೇಕಾಗಿದೆ.

ನಿನ್ನ ಕಸುಬಿನಲ್ಲೂ ಇದೇ ನಡೆದಿದೆ. ನೀನು ದಿನಾ ತೆರೆಯುವ ಕ್ಯೂಜಿಐಎಸ್ ಅನ್ನು 2002ರಲ್ಲಿ ಗ್ಯಾರಿ ಶರ್ಮನ್ ಎಂಬ ಒಬ್ಬ ಮನುಷ್ಯ ತನಗೆ ಲಿನಕ್ಸಿನಲ್ಲಿ ನಕಾಶೆ ನೋಡಲು ಏನಾದರೂ ಬೇಕು ಎಂದು ಶುರು ಮಾಡಿದ ಎಂದು ನೀನೇ ಹೇಳಿದ್ದು. ಅವನು ಕೋಡನ್ನು ಮುಚ್ಚಿಡದೆ ಎದುರಿಗೆ ಇಟ್ಟ. ಬೇರೆ ಬೇರೆ ದೇಶದ ಕೈಗಳು ಬಂದು ಸೇರಿದವು. 2009ರ ಜನವರಿಯಲ್ಲಿ 1.0 ಆವೃತ್ತಿ ಹೊರಬರುವಷ್ಟರಲ್ಲಿ ಅದು ಒಬ್ಬನ ಕೆಲಸವಾಗಿ ಉಳಿದಿರಲಿಲ್ಲ. ಈಗ ಅವನು ಇದ್ದರೂ ಇಲ್ಲದಿದ್ದರೂ ಅದು ನಡೆಯುತ್ತದೆ.

ಬೆಂಗಳೂರಿನಲ್ಲಿ ನಿನಗೆ ಕೊರತೆ ಏನು? ಭಾರತದ ಗಡಿಗಳ ದತ್ತಾಂಶವನ್ನು ಜನರೇ ಕೂಡಿ ತಿದ್ದಿ ಹಂಚುವ ಡೇಟಾಮೀಟ್ ಬಳಗ ಇದೆ. ಎಲ್ಲರಿಗೂ ತೆರೆದ ನಕಾಶೆ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪಿನವರು 2018ರ ನವೆಂಬರಿನಲ್ಲಿ ಇಡೀ ಏಷ್ಯಾದ ಸಮ್ಮೇಳನವನ್ನು ನಿನ್ನೂರಲ್ಲೇ ನಡೆಸಿದರು. 1986ರಿಂದ ಇರುವ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಅಲ್ಲೇ ಇದೆ. ಇಂಥ ಕಡೆ ನಿನ್ನ ಹಾಗೆಯೇ ಒಬ್ಬೊಬ್ಬರೇ ಕೂತು ಗುದ್ದಾಡುವ ಹುಡುಗ ಹುಡುಗಿಯರು ಸಿಗುತ್ತಾರೆ. ಕಚೇರಿಯ ಗುಟ್ಟು ಬಿಟ್ಟುಕೊಡಬೇಕಾಗಿಲ್ಲ. ಸಿಕ್ಕಿಕೊಂಡ ಗಂಟನ್ನು ಮಾತ್ರ ಬಿಡಿಸಿ ಕೇಳು. ಕೇಳಿದರೆ ನನಗೆ ಬರುವುದಿಲ್ಲ ಎಂದು ತಿಳಿದಾರು ಎಂಬ ನಾಚಿಕೆ ಬೇಡ. ನಿನಗೂ ಯಾರಾದರೂ ಕೇಳಿದಾಗ ಹೇಳಿಕೊಡು. ನಾಲ್ಕು ಜನಕ್ಕೆ ಹೇಳಿಕೊಟ್ಟಾಗಲೇ ತನಗೆ ಎಷ್ಟು ಗೊತ್ತು ಎಂಬುದು ಮನುಷ್ಯನಿಗೆ ತಿಳಿಯುವುದು.

ಈಗ ಕಚೇರಿಯ ಮಾತಿಗೆ ಬರುತ್ತೇನೆ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮೇಲೆ ಹೇಳಿದ್ದೆಲ್ಲ ನೀನು ಮಾಡಬೇಕಾದ್ದು. ಆದರೆ ನೀನು ಅಷ್ಟನ್ನೂ ಮಾಡಿಬಿಟ್ಟರೆ ಕಚೇರಿಯ ಪಾಲಿನ ಕೆಲಸ ಮುಗಿಯಿತು ಎಂದು ಅವರು ತಿಳಿಯಬಾರದು. ‘ಅವಳಿಲ್ಲದೆ ನಮ್ಮ ಕೆಲಸ ನಡೆಯೋದೇ ಇಲ್ಲ’ ಎಂದು ಸಾಹೇಬರು ನಾಲ್ಕು ಜನರ ಎದುರು ಹೊಗಳಿದರು ಎಂದು ಬರೆದಿದ್ದೀಯ. ಓದಿ ನನಗೆ ಸಂತೋಷವಾಗಲಿಲ್ಲ. ಅದು ಹೊಗಳಿಕೆ ಅಲ್ಲ, ಕಚೇರಿಯ ತಪ್ಪೊಪ್ಪಿಗೆ. ಕೃಷ್ಣೆಯ ಬಸವಸಾಗರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ನೀಲಕಂಠರಾಯನಗಡ್ಡಿ ಸಂಪರ್ಕ ಕಡಿದುಕೊಂಡ ಸುದ್ದಿ ಎಷ್ಟು ವರ್ಷ ಓದಿಲ್ಲ ನಾವು? 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದು ನಿನಗೇ ನೆನಪಿದೆ. ಅಂಥ ಹೊತ್ತಿನಲ್ಲಿ ಯಾವ ಊರಿಗೆ ನೀರು ಎಷ್ಟು ದೂರ ಎಂದು ತೋರಿಸುವ ನಕಾಶೆ ಒಬ್ಬಳ ಕೈಯಲ್ಲಿ ಮಾತ್ರ ಇದ್ದು, ಅವಳು ಜ್ವರ ಬಂದು ಮಲಗಿದ್ದರೆ? ಇಬ್ಬರನ್ನು ಇಡದ ಕಚೇರಿಯ ಕೊರತೆಯನ್ನು ನಿನ್ನ ನಿದ್ದೆಯಿಂದ ತುಂಬಿಸಬೇಡ. ಒಂದು ವರ್ಷ ತುಂಬಿಸಿದರೆ ಅದೇ ಪದ್ಧತಿಯಾಗಿ ಕೂತುಬಿಡುತ್ತದೆ.

ಬಾಯಿಮಾತಿನಲ್ಲಿ ಹೇಳಿಕೊಂಡರೆ ಅದು ಗೊಣಗಾಟ, ಬರೆದುಕೊಟ್ಟರೆ ಅದು ಕಡತ. ಒಂದೇ ಪುಟದಲ್ಲಿ ಬರೆ. ಡೇಟಮ್, ಸರ್ವರ್ ಎಂಬ ಮಾತು ಅದರಲ್ಲಿ ಬರಬಾರದು. ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆ: ಈ ಈ ಕೆಲಸ ಈಗ ಒಬ್ಬರ ಮೇಲೆ ನಿಂತಿದೆ, ಆ ಒಬ್ಬರು ರಜೆ ಹಾಕಿದರೆ ಇವು ಇವು ನಿಲ್ಲುತ್ತವೆ, ಇಂಥ ತಪ್ಪು ಹೊರಗೆ ಹೋದರೆ ಕಚೇರಿಗೆ ಇಂಥ ತೊಂದರೆ, ಅದಕ್ಕೆ ಬೇಕಾದ್ದು ಮೂರು. ಕಲಿಯಲು ಸಿದ್ಧನಿರುವ ಇನ್ನೊಬ್ಬ ಮನುಷ್ಯ. ಸಾಫ್ಟ್‌ವೇರಿನ ಟಿಪ್ಪಣಿ ಬರೆಯಲು ವಾರಕ್ಕೆ ಅರ್ಧ ದಿನ, ಕೆಲಸದ ವೇಳೆಯಲ್ಲೇ. ಹೊರಗೆ ಬಿಡುವ ಮುಂಚೆ ಪರೀಕ್ಷಿಸಿ ನೋಡಲು ಬೇರೊಂದು ಯಂತ್ರ. ದಿನಾಂಕ ಹಾಕು, ಸಹಿ ಹಾಕು, ಸ್ವೀಕೃತಿ ತಗೋ. ಸಾಹೇಬರ ಮೇಲೆ ಸಿಟ್ಟಿದ್ದರೂ ಕಾಗದದಲ್ಲಿ ಅದರ ವಾಸನೆ ಬರದಿರಲಿ. ಪಾಪ, ಅವರಿಗೂ ಮೇಲೊಬ್ಬರು ಕೂತಿದ್ದಾರೆ. ನಿನ್ನ ಪುಟ ಅವರ ಕೈಗೆ ಆಯುಧ ಆಗಬಹುದು, ಹೊಸ ಹುದ್ದೆ ಕೇಳಲಿಕ್ಕೆ ಅವರಿಗೂ ಒಂದು ಆಧಾರ ಬೇಕಲ್ಲ.

ಒಂದು ಗಡುವು ನಿನ್ನ ಮನಸ್ಸಿನಲ್ಲೇ ಇಟ್ಟುಕೋ, ಮುಂದಿನ ಯುಗಾದಿಯ ತನಕ ಅನ್ನು. ಅಷ್ಟರೊಳಗೆ ಮೂರರಲ್ಲಿ ಒಂದಾದರೂ ಕೈಗೂಡಿದರೆ ಇರು, ಉಳಿದೆರಡನ್ನು ಮತ್ತೆ ಕೇಳು. ಒಂದೂ ಆಗಲಿಲ್ಲವೋ, ಬೇರೆ ಕಡೆ ಅರ್ಜಿ ಹಾಕು. ಆಗ ಕಾಕಾ ಏನೆಂದಾರು ಎಂದು ಯೋಚಿಸಬೇಡ. ಒಗ್ಗದ ಜಾಗದಲ್ಲಿ ಸವೆದುಹೋಗುವುದನ್ನು ನಾನು ನಿಷ್ಠೆ ಎಂದು ಕರೆಯುವುದಿಲ್ಲ. ಬಿಡುವ ದಿನ ಮಾತ್ರ ನಿನ್ನ ಟಿಪ್ಪಣಿಗಳನ್ನೆಲ್ಲ ಒಪ್ಪಿಸಿ, ಪಟ್ಟಿಗೆ ಸಹಿ ತೆಗೆದುಕೊಂಡು ಬಾ. ಮುಂದೆ ಆ ಕುರ್ಚಿಗೆ ಬರುವ ಹುಡುಗನೋ ಹುಡುಗಿಯೋ ನಿನ್ನ ಹಾಗೆ ಕತ್ತಲಲ್ಲಿ ತಡಕಾಡದಿರಲಿ.

ಕಡೆಗೆ ಮೈಯ ಮಾತು. ರಾತ್ರಿ ಒಂದು ಗಂಟೆಗೆ ಬರೆದ ಕೋಡು ಬೆಳಿಗ್ಗೆ ನೋಡಿದರೆ ನಾಚಿಕೆ ತರುತ್ತದೆ ಎಂದು ನೀನೇ ಅಂದಿದ್ದೆ. ಹಾಗಾದರೆ ಬರೆಯಬೇಡ, ಮಲಗು. ಭೂಮಾಪಕರು ಕತ್ತಲಾದ ಮೇಲೆ ಸರಪಳಿ ಹಾಸುತ್ತಿರಲಿಲ್ಲ, ಹಾಗಂತ ಯಾವ ಹೊಲವೂ ಅಳೆಯದೆ ಉಳಿದಿಲ್ಲ. ಈ ಸಲ ನಮ್ಮ ಮಠದ ಜಾತ್ರೆಗೆ ರಜೆ ಹಾಕಿ ಬಾ, ರಜೆಯ ಅರ್ಜಿಯಲ್ಲೇ ‘ಈ ದಿನಗಳಲ್ಲಿ ನಕಾಶೆಯ ಕೆಲಸ ನೋಡಿಕೊಳ್ಳುವವರು ಯಾರು’ ಎಂಬ ಪ್ರಶ್ನೆಯನ್ನೂ ಬರೆದು ಕೊಡು. ಉತ್ತರ ಬರೆಯಬೇಕಾದಾಗ ಸಾಹೇಬರಿಗೆ ವಿಷಯ ತಾನಾಗಿಯೇ ಅರ್ಥವಾಗುತ್ತದೆ. ಬಂದಾಗ ಲ್ಯಾಪ್‌ಟಾಪ್ ತಂದರೂ ಅಡ್ಡಿಯಿಲ್ಲ. ನಮ್ಮೂರಿನ ಓಣಿಗಳ ಹೆಸರನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಕನ್ನಡದಲ್ಲಿ ಹಾಕೋಣ. ನಾನು ನಡೆದು ಹೇಳುತ್ತೇನೆ, ನೀನು ಬರೆದುಕೋ, ತಪ್ಪಿದರೆ ತಿದ್ದಲು ಓಣಿಯ ಮಂದಿ ಇದ್ದೇ ಇದ್ದಾರೆ.

ಆ ಒಂದು ಪುಟದ ಕಾಗದವನ್ನು ಈ ಭಾನುವಾರವೇ ಬರೆ. ಸಾಹೇಬರಿಗೆ ಕೊಡುವ ಮುಂಚೆ ನನಗೆ ಫೋಟೋ ಹೊಡೆದು ಕಳಿಸು. ಸರಕಾರಿ ಕಾಗದ ತಿದ್ದಿ ತಿದ್ದಿ ಪಳಗಿದ ಕೈ ಇದು, ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಹೇಳುತ್ತೇನೆ.

ಇಂತಿ ಆಶೀರ್ವಾದಗಳು,
ನಿನ್ನ ಕಾಕಾ

ತಾ.ಕ.: ನಿನ್ನ ಕಾಕು ಹಿಂದೆ ನಿಂತು ಓದಿ, “ಇಷ್ಟೆಲ್ಲಾ ಬರದ್ರಿ, ಹೊತ್ತಿಗೆ ಸರಿಯಾಗಿ ಉಣ್ಣಲಕತ್ತ್ಯಾಳೋ ಇಲ್ಲೋ ಅಂತ ಕೇಳೇ ಇಲ್ಲಲ್ಲ” ಅಂತ ಬೈಯುತ್ತಿದ್ದಾಳೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ, ಬೆಂಗಳೂರಿಗೆ ಹೊರಟವರು ಸಿಕ್ಕರೆ ಕಳಿಸುತ್ತೇವೆ. ಕಚೇರಿಯಲ್ಲಿ ನಾಲ್ಕು ಜನಕ್ಕೆ ಕೊಟ್ಟು ತಿನ್ನು. ಆ ಇನ್ನೊಬ್ಬ ಮನುಷ್ಯ ಅವರಲ್ಲೇ ಇದ್ದರೂ ಇರಬಹುದು.